45 ಅಂಕ ಬಂದರೂ ಫೇಲು: ದೂರಶಿಕ್ಷಣದ ಲೆಕ್ಕ ಯಾಕೆ ಹೀಗೆ?

'ಅವನು ಎಕ್ಸ್‌ಟರ್ನಲ್ ಕಟ್ಟಿ ಬಿ.ಎ. ಮಾಡಿಕೊಂಡ' ಅನ್ನುವ ಮಾತಿನಲ್ಲಿ ಯಾವಾಗಲೂ ಒಂಚೂರು ಉಡಾಫೆ ಇರುತ್ತದೆ. ಮನೆಯಲ್ಲೇ ಕೂತು ಓದುವ ಡಿಗ್ರಿ ಅಂದರೆ ಸುಲಭ, ಫೀಸು ಕಟ್ಟಿದರೆ ಅರ್ಧ ಪಾಸಾದ ಹಾಗೆ, ಅಂತ ಒಂದು ಹಳೆಯ ನಂಬಿಕೆ. ಆದರೆ ಈಚಿನ ಎರಡು ಮೂರು ವರ್ಷಗಳಲ್ಲಿ ದೂರಶಿಕ್ಷಣಕ್ಕೆ ಸೇರಿದವರನ್ನು ಕೇಳಿ ನೋಡಿ. ಬೇರೆಯದೇ ಕಥೆ ಹೇಳುತ್ತಾರೆ.

2024ರ ಸೆಪ್ಟೆಂಬರ್ ಹೊತ್ತಿಗೆ ಹೊಸದಾಗಿ ಸೇರುವವರೆಲ್ಲ ಡಿಇಬಿ ಐಡಿ, ಅಂದರೆ ದೂರಶಿಕ್ಷಣದ ವಿದ್ಯಾರ್ಥಿಗೊಂದು ಗುರುತಿನ ಸಂಖ್ಯೆ, ಮಾಡಿಸಲೇಬೇಕು ಎಂದಾಯಿತು. 2025ರ ಆಗಸ್ಟ್‌ನಲ್ಲಿ ಇನ್ನೊಂದು ಸುದ್ದಿ ಬಂತು. ಮನಃಶಾಸ್ತ್ರ, ಮೈಕ್ರೋಬಯಾಲಜಿ, ಆಹಾರ ಮತ್ತು ಪೋಷಣೆ, ಬಯೋಟೆಕ್ನಾಲಜಿಯಂಥ ವಿಷಯಗಳನ್ನು ಇನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸುವ ಹಾಗಿಲ್ಲ ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಹೇಳಿತು. ಇವುಗಳ ಜೊತೆಗೆ ಪ್ರತಿ ಫಲಿತಾಂಶದ ಸಮಯದಲ್ಲೂ ಏಳುವ ಹಳೆಯ ಗೊಂದಲ ಇದ್ದೇ ಇದೆ: ಒಟ್ಟು 45 ಬಂದಿದೆ, ಪಾಸಿಗೆ 35 ಸಾಕು, ಆದರೂ ಫೇಲು ಅಂತಿದೆಯಲ್ಲ, ಇದೇನು?

ಮೂರೂ ಬೇರೆ ಬೇರೆ ಸಂಗತಿಗಳ ಹಾಗೆ ಕಾಣುತ್ತವೆ. ಆದರೆ ಬೇರು ಒಂದೇ. ಅದು 'ಸಮಾನ' ಎಂಬ ಒಂದು ಪದ.

ಸಮಾನ ಅಂದರೆ ಬಿಗಿ

ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಪಡೆದ ಪದವಿ, ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಇದನ್ನು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಹೇಳಿತು. ಅದಕ್ಕೆ ಆಧಾರ 2020ರ ಸೆಪ್ಟೆಂಬರ್ 4ರಂದು ಹೊರಬಂದ ದೂರಶಿಕ್ಷಣ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಾವಳಿ.

ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಸುದ್ದಿಯೇ. ಕೆಲಸಕ್ಕೆ ಅರ್ಜಿ ಹಾಕುವಾಗ, ಮುಂದೆ ಎಂ.ಎ. ಸೇರುವಾಗ, ಬಡ್ತಿ ಕೇಳುವಾಗ ತಲೆ ತಗ್ಗಿಸಬೇಕಿಲ್ಲ. ಆದರೆ ಸಮಾನ ಎಂದು ಒಮ್ಮೆ ಹೇಳಿದ ಮೇಲೆ ಯುಜಿಸಿಯ ಮೇಲೊಂದು ಹೊಣೆ ಬೀಳುತ್ತದೆ. ಕಾಲೇಜಿನಲ್ಲಿ ಹಾಜರಿ ಪುಸ್ತಕ ಇದೆ, ಮುಖ ನೋಡಿ ಗುರುತಿಸುವ ಮೇಷ್ಟ್ರು ಇದ್ದಾರೆ, ಟೆಸ್ಟು, ಸೆಮಿನಾರು, ಲ್ಯಾಬು ಎಲ್ಲ ಇವೆ. ದೂರಶಿಕ್ಷಣದಲ್ಲಿ ಇವುಗಳಲ್ಲಿ ಬಹುಪಾಲು ಇಲ್ಲ. ಹಾಗಾದರೆ ಈ ವಿದ್ಯಾರ್ಥಿ ನಿಜವಾಗಿ ಓದಿದ್ದಾನೆ ಅನ್ನುವುದಕ್ಕೆ ಸಾಕ್ಷಿ ಏನು?

ಸಾಕ್ಷಿ ಕಾಗದದಿಂದಲೇ ಬರಬೇಕು. ಎಲ್ಲಿ ಸೇರಿದ, ಯಾವ ಕೋರ್ಸಿಗೆ ಸೇರಿದ, ಅಸೈನ್‌ಮೆಂಟ್ ಕೊಟ್ಟನಾ, ಪರೀಕ್ಷೆಗೆ ತಾನೇ ಬಂದು ಕೂತನಾ ಎಂಬುದೆಲ್ಲ ದಾಖಲೆಯಲ್ಲಿರಬೇಕು. ಪಾಠ ಎಷ್ಟು ಸಡಿಲವೋ ಕಾಗದಪತ್ರ ಅಷ್ಟೇ ಬಿಗಿ. ಸೇರುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಾಹೀರಾತಿನಲ್ಲಿ ಸಡಿಲದ ಭಾಗ ದೊಡ್ಡ ಅಕ್ಷರದಲ್ಲಿರುತ್ತದೆ. ಬಿಗಿಯ ಭಾಗ ಪ್ರಾಸ್ಪೆಕ್ಟಸ್ಸಿನ ಒಳಪುಟಗಳಲ್ಲಿ ಎಲ್ಲೋ ಇರುತ್ತದೆ.

ಮೈಸೂರು ಕಲಿಸಿದ್ದು

ಈ ಬಿಗಿ ಮೊದಲಿನಿಂದ ಇದ್ದದ್ದಲ್ಲ. ದೆಹಲಿ ವಿಶ್ವವಿದ್ಯಾಲಯ 1962ರಲ್ಲಿ ಅಂಚೆ ಮೂಲಕ ಪಾಠ ಶುರು ಮಾಡಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅದೇ ದಾರಿ ಹಿಡಿಯಿತು. 1985ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಬಂತು. 1996ರಲ್ಲಿ ಮೈಸೂರಿನ ಅಂಚೆ ತೆರಪಿನ ಶಿಕ್ಷಣವೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಅದರ ಆವರಣ ಮುಕ್ತ ಗಂಗೋತ್ರಿಯಿಂದ ಹೋದ ಪುಸ್ತಕಗಳನ್ನು ಓದಿ ಬಿ.ಎ., ಎಂ.ಎ. ಮುಗಿಸಿದ ಮೇಷ್ಟ್ರುಗಳು, ಗುಮಾಸ್ತರು, ಪೊಲೀಸರು, ಗೃಹಿಣಿಯರು ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತಾರೆ.

ದೂರಶಿಕ್ಷಣದ ಉಸ್ತುವಾರಿ ಬಹುಕಾಲ ಇಗ್ನೋ ಒಳಗೇ ಇದ್ದ ಒಂದು ಮಂಡಳಿಯ ಕೈಯಲ್ಲಿತ್ತು. ತಾನೂ ಕೋರ್ಸ್ ನಡೆಸುವ ಸಂಸ್ಥೆಯೇ ಉಳಿದವರ ಕೋರ್ಸಿಗೆ ಒಪ್ಪಿಗೆ ಕೊಡುವುದು ವಿಚಿತ್ರ ಏರ್ಪಾಡು ಅಲ್ವಾ? 2013ರಲ್ಲಿ ಆ ಮಂಡಳಿ ಹೋಗಿ ಕೆಲಸ ಯುಜಿಸಿಗೆ ಬಂತು. ಯುಜಿಸಿ ಅದಕ್ಕಾಗಿ ದೂರಶಿಕ್ಷಣ ವಿಭಾಗ ತೆರೆಯಿತು. ಡಿಇಬಿ ಅಂದರೆ ಇದೇ.

ಹೊಸ ಉಸ್ತುವಾರಿಯ ಬಿಸಿ ಜೋರಾಗಿ ತಟ್ಟಿದ್ದು ಮೈಸೂರಿಗೆ. 2012-13ರಿಂದ ಆಚೆಗೆ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ ಕೇಂದ್ರಗಳನ್ನು ತೆರೆದದ್ದು, ಖಾಸಗಿ ಸಂಸ್ಥೆಗಳ ಜೊತೆ ಒಪ್ಪಂದ ಮಾಡಿಕೊಂಡು ತಾಂತ್ರಿಕ ಕೋರ್ಸ್ ನಡೆಸಿದ್ದು ಮುಖ್ಯ ಆಕ್ಷೇಪಗಳು. ಇಸವಿಗಳನ್ನು ಇನ್ನೊಮ್ಮೆ ನೋಡಿ. ಪ್ರಕಟಣೆ 2015ರದ್ದು, ಮಾನ್ಯತೆ ಇಲ್ಲದ್ದು 2013ರಿಂದ. ನಡುವೆ ಸೇರಿದವರು ಫೀಸು ಕಟ್ಟಿದ್ದರು, ಪರೀಕ್ಷೆ ಬರೆದಿದ್ದರು. ಹೊರರಾಜ್ಯದ ಕೇಂದ್ರಗಳಿಗೂ ತಮಗೂ ಸಂಬಂಧವೇ ಇಲ್ಲದ ಕರ್ನಾಟಕದ ಬಿ.ಎ. ವಿದ್ಯಾರ್ಥಿಗಳು ಕೂಡ ವರ್ಷಗಟ್ಟಲೆ ಅತಂತ್ರರಾದರು. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ. ಅದೂ 2018-19ರಿಂದ ಮುಂದಕ್ಕೆ, ಮೊದಲು 17 ಕೋರ್ಸುಗಳಿಗೆ ಮಾತ್ರ.

ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಇನ್ನೊಂದು ಪೆಟ್ಟು ಕೊಟ್ಟಿತು. ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಎಂಜಿನಿಯರಿಂಗ್ ಪದವಿ ಹಂಚಿದ್ದವು. 2001ರಿಂದ 2005ರವರೆಗೆ ಸೇರಿದವರ ಪದವಿ ಅಮಾನತಾಯಿತು. ಅವರು ಮತ್ತೆ ಪರೀಕ್ಷೆ ಬರೆದು ಪಾಸಾದರೆ ಮಾತ್ರ ಅದು ಉಳಿಯುತ್ತಿತ್ತು. ಆಮೇಲೆ ಸೇರಿದವರ ಪದವಿ ರದ್ದೇ ಆಯಿತು. ಹತ್ತು ವರ್ಷ ಕೆಲಸ ಮಾಡಿ ಬಡ್ತಿ ಪಡೆದವರು ಮತ್ತೆ ಪ್ರಶ್ನೆಪತ್ರಿಕೆ ಎದುರು ಕೂರುವ ಪಾಡು.

ತಪ್ಪು ಮಾಡಿದ್ದು ಸಂಸ್ಥೆ, ಪೆಟ್ಟು ತಿಂದಿದ್ದು ವಿದ್ಯಾರ್ಥಿ. ಎರಡೂ ಪ್ರಕರಣಗಳಲ್ಲಿ ಆದದ್ದು ಅದೇ. ಈಗಿನ ನಿಯಮಗಳು ಹುಟ್ಟಿದ್ದು ಈ ಗಾಯಗಳಿಂದ. ಮಾನ್ಯತೆ ಈಗ ವಿಶ್ವವಿದ್ಯಾಲಯಕ್ಕೆ ಸಾರಾಸಗಟಾಗಿ ಸಿಗುವುದಿಲ್ಲ. ಒಂದೊಂದು ಕೋರ್ಸಿಗೂ, ಇಂತಿಷ್ಟು ಅವಧಿಗೆ ಅಂತ ಸಿಗುತ್ತದೆ. ರಾಜ್ಯದ ಮುಕ್ತ ವಿಶ್ವವಿದ್ಯಾಲಯ ದೂರಶಿಕ್ಷಣವನ್ನು ತನ್ನ ರಾಜ್ಯದೊಳಗೇ ನಡೆಸಬೇಕು. ಬೇರೆಯವರಿಗೆ ಫ್ರಾಂಚೈಸಿ ಕೊಡುವಂತಿಲ್ಲ. ಆನ್‌ಲೈನ್ ಕೋರ್ಸಿಗೆ ಮಾತ್ರ ಈ ಗಡಿ ಇಲ್ಲ. ಹಾಗಾಗಿ ಮುಂಬೈಯಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ದೂರಶಿಕ್ಷಣ ಮತ್ತು ಆನ್‌ಲೈನ್ ಎಂಬ ಎರಡು ಪದಗಳ ವ್ಯತ್ಯಾಸ ಸುಮ್ನೆ ಹೆಸರಿನದಲ್ಲ.

30 ಮತ್ತು 70

ಈಗ ಅಂಕದ ಲೆಕ್ಕ. ಗೊಂದಲ ಜಾಸ್ತಿ ಇರುವುದು ಇಲ್ಲೇ.

2020ರ ನಿಯಮಾವಳಿ ಪ್ರಕಾರ ಅಸೈನ್‌ಮೆಂಟಿನಂಥ ನಿರಂತರ ಮೌಲ್ಯಮಾಪನಕ್ಕೆ ಹೆಚ್ಚೆಂದರೆ ಶೇ 30 ತೂಕ. ಕೊನೆಯ ಪರೀಕ್ಷೆಗೆ ಕಡಿಮೆಯೆಂದರೆ ಶೇ 70. ಎರಡನ್ನೂ ಅಂಕಪಟ್ಟಿಯಲ್ಲಿ ಬೇರೆ ಬೇರೆ ತೋರಿಸಬೇಕು. ಇಗ್ನೋದ ಹೆಚ್ಚಿನ ಕೋರ್ಸುಗಳಲ್ಲಿ ಇದೇ 30-70 ನಡೆಯುತ್ತಿದೆ. ಅಲ್ಲಿ ಸಾಮಾನ್ಯವಾಗಿ ಪದವಿಗೆ ಶೇ 35, ಸ್ನಾತಕೋತ್ತರಕ್ಕೆ ಶೇ 40 ಬಂದರೆ ಪಾಸು.

ಒಬ್ಬ ಬಿ.ಎ. ವಿದ್ಯಾರ್ಥಿಯನ್ನು ತೆಗೆದುಕೊಳ್ಳೋಣ. ಅಸೈನ್‌ಮೆಂಟಿನಲ್ಲಿ ನೂರಕ್ಕೆ 80 ಬಂತು. ಅದರ ಶೇ 30 ಅಂದರೆ 24. ಪರೀಕ್ಷೆಯಲ್ಲಿ ನೂರಕ್ಕೆ 30 ಬಂತು. ಅದರ ಶೇ 70 ಅಂದರೆ 21. ಕೂಡಿದರೆ 45. ಪಾಸಿಗೆ ಬೇಕಾದ 35ಕ್ಕಿಂತ ಹತ್ತು ಜಾಸ್ತಿಯೇ ಇದೆ. ಆದರೂ ಫೇಲು. ಯಾಕೆಂದರೆ ಒಟ್ಟು ಮೊತ್ತದಲ್ಲಿ 35 ಬಂದರೆ ಸಾಲದು. ಅಸೈನ್‌ಮೆಂಟಿನಲ್ಲೂ 35, ಪರೀಕ್ಷೆಯಲ್ಲೂ 35 ಬೇಕು. ಒಂದರಲ್ಲಿ ಬಿದ್ದ ಹಳ್ಳವನ್ನು ಇನ್ನೊಂದರ ಗುಡ್ಡದಿಂದ ಮುಚ್ಚುವ ಹಾಗಿಲ್ಲ.

ತಿರುಗಿಸಿ ನೋಡಿ. ಇನ್ನೊಬ್ಬಳು ಪರೀಕ್ಷೆಯಲ್ಲಿ 72 ತೆಗೆದಳು. ಅದೊಂದೇ 50.4 ಆಗುತ್ತದೆ. ಆದರೆ ಅವಳ ಅಸೈನ್‌ಮೆಂಟ್ ಅಂಕ ದಾಖಲಾಗಿಲ್ಲ. ಅವಳ ಕೋರ್ಸೂ ಮುಗಿದಂತಲ್ಲ. ನಿಯಮದ ಪ್ರಕಾರ ಅಸೈನ್‌ಮೆಂಟ್ ಕೊಡದೆ ಪರೀಕ್ಷೆಗೆ ಕೂರುವುದೇ ಸರಿಯಲ್ಲ. ಇನ್ನು ಕೊಟ್ಟದ್ದು ಅಧ್ಯಯನ ಕೇಂದ್ರದಿಂದ ಪ್ರಾದೇಶಿಕ ಕೇಂದ್ರಕ್ಕೆ, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ನಿಂತರೆ ಅಂಕಪಟ್ಟಿಯಲ್ಲಿ ಖಾಲಿ ಜಾಗ ಕಾಣುತ್ತದೆ. ಆಗ ಕೈಯಲ್ಲಿ ರಸೀದಿ ಇದ್ದವರು ಬಚಾವ್.

ಸಮಾಧಾನದ ವಿಷಯವೂ ಇದೆ. ಯಾವ ಭಾಗದಲ್ಲಿ ಪಾಸಾಗಿದ್ದೀರೋ ಆ ಅಂಕ ಉಳಿಯುತ್ತದೆ. ಬಿದ್ದ ಭಾಗವನ್ನು ಮಾತ್ರ ಮತ್ತೆ ಮಾಡಿದರೆ ಸಾಕು. ಇಗ್ನೋ ಪರೀಕ್ಷೆ ಜೂನ್ ಮತ್ತು ಡಿಸೆಂಬರ್ ಹೊತ್ತಿಗೆ ವರ್ಷಕ್ಕೆ ಎರಡು ಸಲ ಇರುತ್ತದೆ. ಆದರೆ ಅಸೈನ್‌ಮೆಂಟಿನ ಪ್ರಶ್ನೆಗಳಿಗೆ ಆಯುಸ್ಸು ಇದೆ. ಆ ಅವಧಿ ಮುಗಿದ ಮೇಲೆ ಹಳೆ ಪ್ರಶ್ನೆಗಳಿಗೆ ಉತ್ತರ ಬರೆದು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಹೊಸದನ್ನೇ ಬರೆಯಬೇಕು. ಪಾಸಾದ ಅಸೈನ್‌ಮೆಂಟನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಕೊಡುವ ಅವಕಾಶವೂ ಇಲ್ಲ.

ಇದೇ ಲೆಕ್ಕದಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಪರೀಕ್ಷೆಯಲ್ಲಿ ಹತ್ತು ಅಂಕ ಜಾಸ್ತಿ ತೆಗೆದರೆ ಒಟ್ಟಿಗೆ ಏಳು ಸೇರುತ್ತದೆ. ಅಸೈನ್‌ಮೆಂಟಿನಲ್ಲಿ ಹತ್ತು ಜಾಸ್ತಿ ತೆಗೆದರೆ ಬರೀ ಮೂರು. ಹಾಗಂತ ಅಸೈನ್‌ಮೆಂಟನ್ನು ಬಿಟ್ಟರೆ ಕೋರ್ಸೇ ನಿಲ್ಲುತ್ತದೆ. ಅಂಕ ತರುವುದರಲ್ಲಿ ಅದು ಸಣ್ಣದು, ದಾರಿ ಅಡ್ಡಗಟ್ಟುವುದರಲ್ಲಿ ಪರೀಕ್ಷೆಯಷ್ಟೇ ದೊಡ್ಡದು. ಕೆಲಸಕ್ಕೆ ಹೋಗುತ್ತಾ ಓದುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಬರೆದವರು ಯಾರು?

ಅಸೈನ್‌ಮೆಂಟಿಗೆ ಯಾಕಿಷ್ಟು ಕಡಿಮೆ ತೂಕ? ವರ್ಷವಿಡೀ ಓದಿ ಬರೆದದ್ದಕ್ಕೆ 30, ಮೂರು ಗಂಟೆ ಕೂತು ಬರೆದದ್ದಕ್ಕೆ 70 ಅಂದರೆ ತಿರುವುಮುರುವು ಅಲ್ವಾ?

ಹೀಗೆ ವಾದಿಸುವ ಶಿಕ್ಷಕರು ಇದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ದೂರಶಿಕ್ಷಣದಲ್ಲಿ ಮೇಷ್ಟ್ರಿಗೂ ವಿದ್ಯಾರ್ಥಿಗೂ ಮಾತುಕತೆ ನಡೆಯುವುದೇ ಅಸೈನ್‌ಮೆಂಟಿನ ಮೂಲಕ. ತಿದ್ದಿದವರು ಅಂಚಿನಲ್ಲಿ ಬರೆದ ಟಿಪ್ಪಣಿಯೇ ಪಾಠ. ನಲವತ್ತರ ವಯಸ್ಸಿನ, ಹಗಲೆಲ್ಲ ದುಡಿಯುವ ಒಬ್ಬ ಹೆಂಗಸಿಗೆ ಮೂರು ಗಂಟೆಯ ಬರವಣಿಗೆ ಕೈನೋವಿನ ಪರೀಕ್ಷೆಯೂ ಹೌದು. ಅವಳಿಗೆ ವಿಷಯ ಗೊತ್ತಿದ್ದರೂ ವೇಗ ಇರುವುದಿಲ್ಲ.

ಯುಜಿಸಿಯ ಎಚ್ಚರಿಕೆಗೂ ಕಾರಣವಿದೆ. ಉತ್ತರ ಬರೆದಿಟ್ಟ ಅಸೈನ್‌ಮೆಂಟ್‌ಗಳು ರಾಜಾರೋಷವಾಗಿ ಮಾರಾಟ ಆಗುತ್ತವೆ. ಪಿಡಿಎಫ್ ಬೇಕಾದರೆ ಒಂದು ರೇಟು, ಕೈಯಲ್ಲಿ ಬರೆದು ಕೊಡಬೇಕಾದರೆ ಇನ್ನೊಂದು. ಮನೆಯಲ್ಲಿ ಬರೆದದ್ದನ್ನು ಯಾರು ಬರೆದರೆಂದು ಹೇಳುವುದು ಹೇಗೆ? ಪರೀಕ್ಷಾ ಕೊಠಡಿಯಲ್ಲಿ ಹಾಲ್ ಟಿಕೆಟ್, ಗುರುತಿನ ಚೀಟಿ, ಸಿಸಿಟಿವಿ ಇರುತ್ತವೆ. 'ಸಮಾನ' ಎಂದು ಸಹಿ ಹಾಕಬೇಕಾದವರು ನಂಬಿಕೆ ಇಡುವುದು ಆ ಕೊಠಡಿಯ ಮೇಲೆಯೇ.

ಎರಡೂ ಕಡೆಯ ಮಾತು ಕೇಳಿದ ಮೇಲೆ ಒಂದು ಸಂಗತಿ ಮುಚ್ಚಿಡಲಾಗದು. ಅಸೈನ್‌ಮೆಂಟನ್ನು ಹಾಳು ಮಾಡಿದ್ದು ಕೊಂಡುಕೊಳ್ಳುವ ವಿದ್ಯಾರ್ಥಿಗಳಷ್ಟೇ ಅಲ್ಲ. ತಿದ್ದಿದ ಪ್ರತಿ ಟಿಪ್ಪಣಿಯೊಂದಿಗೆ ವಾಪಸ್ ಬರಬೇಕು ಎಂಬುದು ದೂರಶಿಕ್ಷಣದ ಮೂಲ ಕಲ್ಪನೆ. ಅದು ಬಾರದೇ ಹೋದಲ್ಲಿ ಅಸೈನ್‌ಮೆಂಟ್ ಬರೀ ಶಾಸ್ತ್ರ ಆಗುತ್ತದೆ. ಶಾಸ್ತ್ರಕ್ಕೆ ಕೊಂಡುತಂದ ಹೂವೂ ನಡೆಯುತ್ತದೆ.

ಕ್ರೆಡಿಟ್ ಅಂದರೆ ಗಂಟೆ

ಕೋರ್ಸಿನ ವಿವರದಲ್ಲಿ 4 ಕ್ರೆಡಿಟ್, 6 ಕ್ರೆಡಿಟ್ ಅಂತ ಬರೆದಿರುತ್ತದೆ. ಯಾರೂ ಅದನ್ನು ಗಮನಿಸುವುದಿಲ್ಲ. ದೂರಶಿಕ್ಷಣದಲ್ಲಿ ಒಂದು ಕ್ರೆಡಿಟ್ ಅಂದರೆ 30 ಗಂಟೆ ಓದು. ಪುಸ್ತಕ ಓದುವುದು, ಅಸೈನ್‌ಮೆಂಟ್ ಬರೆಯುವುದು, ಸಂಪರ್ಕ ತರಗತಿಗೆ ಹೋಗುವುದು ಎಲ್ಲ ಇದರಲ್ಲಿ ಬಂತು. 6 ಕ್ರೆಡಿಟ್ಟಿನ ಪತ್ರಿಕೆ ಅಂದರೆ 180 ಗಂಟೆ.

ಇಗ್ನೋ 2019ರಲ್ಲಿ ಶುರು ಮಾಡಿದ ಸಾಮಾನ್ಯ ಬಿ.ಎ. 132 ಕ್ರೆಡಿಟ್ಟಿನದು. ಗುಣಿಸಿದರೆ 3,960 ಗಂಟೆ. ಮೂರೇ ವರ್ಷದಲ್ಲಿ ಮುಗಿಸಬೇಕೆಂದರೆ ಭಾನುವಾರ, ಹಬ್ಬ, ಮದುವೆ, ಜಾತ್ರೆ ಎಲ್ಲ ಸೇರಿಸಿ ದಿನಕ್ಕೆ ಮೂರೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಕೆಲಸ ಇರುವವರಿಗೆ ಇದು ಆಗದ ಮಾತು. ಆರು ವರ್ಷದವರೆಗೆ ಅವಕಾಶ ಕೊಟ್ಟಿರುವುದು ಅದಕ್ಕೇ. ಆರು ವರ್ಷಕ್ಕೆ ಹಂಚಿದರೆ ದಿನಕ್ಕೆ ಎರಡು ಗಂಟೆಯೂ ಆಗುವುದಿಲ್ಲ. ಆದರೆ ಹೆಚ್ಚಿನವರು ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಸೇರುತ್ತಾರೆ. ನಾಲ್ಕನೆಯ ವರ್ಷಕ್ಕೆ ಹೋದರೆ ಸೋತೆವು ಎಂದು ಕೈಚೆಲ್ಲುತ್ತಾರೆ. ನಿಯಮ ಅವರನ್ನು ಹೊರಗೆ ಹಾಕಿರುವುದಿಲ್ಲ, ಅವರೇ ಎದ್ದು ಹೋಗಿರುತ್ತಾರೆ.

2022ರ ಏಪ್ರಿಲ್‌ನಿಂದ ಒಟ್ಟಿಗೆ ಎರಡು ಪದವಿ ಓದುವುದಕ್ಕೂ ಯುಜಿಸಿ ಅವಕಾಶ ಕೊಟ್ಟಿದೆ. ಕಾಲೇಜಿನಲ್ಲಿ ಒಂದು, ದೂರಶಿಕ್ಷಣದಲ್ಲಿ ಒಂದು ನಡೆಯುತ್ತದೆ. ಎರಡೂ ದೂರಶಿಕ್ಷಣದಲ್ಲಿದ್ದರೂ ನಡೆಯುತ್ತದೆ. ಮೇಲಿನ ಗಂಟೆಗಳನ್ನು ದುಪ್ಪಟ್ಟು ಮಾಡಿ ನೋಡಿಕೊಂಡೇ ಅರ್ಜಿ ಹಾಕುವುದು ಒಳ್ಳೆಯದು.

ಮನಃಶಾಸ್ತ್ರ ಯಾಕೆ ಹೋಯಿತು

ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು, ಕೃಷಿಯಂಥ ಪದವಿಗಳನ್ನು 2025ಕ್ಕೆ ಮೊದಲೇ ದೂರಶಿಕ್ಷಣದಲ್ಲಿ ಕಲಿಸುವಂತಿರಲಿಲ್ಲ. ಕೈಯಿಂದ ಮಾಡಿ ಕಲಿಯಬೇಕಾದ್ದನ್ನು ಪುಸ್ತಕ ಕಳಿಸಿ ಕಲಿಸಲಾಗದು ಎಂಬುದು ತರ್ಕ. 2025ರ ಆದೇಶ ಈ ಗೆರೆಯನ್ನು ಇನ್ನಷ್ಟು ಈಚೆಗೆ ಎಳೆಯಿತು.

ಹಿನ್ನೆಲೆಯಲ್ಲಿ ಇರುವುದು 2021ರ ಒಂದು ಕಾಯ್ದೆ. ಡಾಕ್ಟರು, ನರ್ಸು ಮೊದಲಾದವರನ್ನು ಬಿಟ್ಟು ಆರೋಗ್ಯ ಕ್ಷೇತ್ರದಲ್ಲಿ ದುಡಿಯುವ ಇತರರಿಗೆಂದು ರಾಷ್ಟ್ರೀಯ ಆಯೋಗ ರಚಿಸಿದ ಕಾಯ್ದೆ ಅದು. ಅದರ ಪಟ್ಟಿಯಲ್ಲಿ ಮನಃಶಾಸ್ತ್ರಜ್ಞರೂ, ಆಹಾರತಜ್ಞರೂ ಬರುತ್ತಾರೆ. ಈ ಕಾಯ್ದೆಯ ಅಡಿ ಬರುವ ವೃತ್ತಿಗಳ ಕೋರ್ಸನ್ನು ದೂರಶಿಕ್ಷಣದಲ್ಲಿ ನಡೆಸಬಾರದು ಎಂದು ಯುಜಿಸಿ ತೀರ್ಮಾನಿಸಿತು. 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಅದು ಜಾರಿಗೆ ಬಂತು.

ಇದಕ್ಕೆ ಆಕ್ಷೇಪವೂ ಇದೆ. ಬಿ.ಎ.ಯಲ್ಲಿ ಮನಃಶಾಸ್ತ್ರ ಓದುವವರೆಲ್ಲ ಆಪ್ತಸಲಹೆ ಕೇಂದ್ರ ತೆರೆಯುವುದಿಲ್ಲ. ಶಿಕ್ಷಕಿಯೊಬ್ಬಳು ಮಕ್ಕಳನ್ನು ಅರ್ಥ ಮಾಡಿಕೊಳ್ಳಲು ಓದಬಹುದು. ಕಂಪನಿಯಲ್ಲಿ ಎಚ್‌ಆರ್ ಕೆಲಸ ಮಾಡುವವರು ಓದಬಹುದು. ಇಷ್ಟಪಟ್ಟು ಸುಮ್ನೆ ಓದುವವರೂ ಇದ್ದಾರೆ. ವೃತ್ತಿಗೆ ಪರವಾನಗಿ ಕೊಡುವುದು ಬೇರೆ, ವಿಷಯ ಕಲಿಸುವುದು ಬೇರೆ. ಒಂದನ್ನು ಬಿಗಿ ಮಾಡಲು ಇನ್ನೊಂದರ ಬಾಗಿಲು ಹಾಕಿದರೆ ನಷ್ಟ ಆಗುವುದು ಕಾಲೇಜಿಗೆ ಹೋಗಲಾಗದವರಿಗೆ. ನನಗೆ ಈ ವಾದ ಸರಿಯೆನಿಸುತ್ತದೆ. ಆದರೆ ಇನ್ನೊಂದು ಕಡೆಯ ಭಯವನ್ನೂ ತಳ್ಳಿಹಾಕುವಂತಿಲ್ಲ. ದೂರಶಿಕ್ಷಣದ ಎಂ.ಎ. ಹಿಡಿದು, ಒಂದು ದಿನವೂ ಯಾರ ಮೇಲ್ವಿಚಾರಣೆಯಲ್ಲೂ ಕೆಲಸ ಮಾಡದೆ ಬೋರ್ಡು ಹಾಕಿಕೊಳ್ಳುವವರ ಎದುರು ಬಂದು ಕೂರುವವರು ನೊಂದ ಜನ.

ಆದೇಶ ಬಂದಿರುವುದು ಹೊಸ ಪ್ರವೇಶಕ್ಕೆ ಎಂಬುದನ್ನು ಈಗಾಗಲೇ ಓದುತ್ತಿರುವವರು ಗಮನಿಸಬೇಕು. ಹಲವು ವಿಷಯಗಳಿರುವ ಬಿ.ಎ.ಯಲ್ಲಿ ಈ ಪಟ್ಟಿಯ ವಿಷಯವಷ್ಟೇ ಹೋಗುತ್ತದೆ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಕ್ಕೆ ಏನೂ ಆಗಿಲ್ಲ.

ಐಡಿ ಯಾರಿಗಾಗಿ

ಡಿಇಬಿ ಐಡಿಯನ್ನು ವಿದ್ಯಾರ್ಥಿಯೇ ಯುಜಿಸಿಯ ಜಾಲತಾಣದಲ್ಲಿ ಮಾಡಿಕೊಳ್ಳಬೇಕು. ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ಕ್ರೆಡಿಟ್ ಜಮಾ ಆಗುವ ಖಾತೆ ಇರಬೇಕು. ಇನ್ನೊಂದು ತಲೆನೋವು ಅನ್ನಿಸುವುದು ಸಹಜ. ಸೈಬರ್ ಸೆಂಟರಿನವರು ಇದಕ್ಕೂ ಒಂದಿಷ್ಟು ಕಾಸು ಕೇಳುತ್ತಾರೆ.

ಆದರೆ ಮೈಸೂರಿನ ಪ್ರಕರಣ ನೆನೆದರೆ ಉದ್ದೇಶ ತಿಳಿಯುತ್ತದೆ. ಆಗ ಯಾರು ಯಾವ ಕೇಂದ್ರದಲ್ಲಿ ಯಾವ ಕೋರ್ಸಿಗೆ ಸೇರಿದರು ಎಂಬುದು ಯುಜಿಸಿಗೆ ತಿಳಿಯುತ್ತಿದ್ದುದು ಎಲ್ಲ ಮುಗಿದ ಮೇಲೆ. ಈಗ ಸೇರುವ ದಿನವೇ ತಿಳಿಯುತ್ತದೆ. ವಿಶ್ವವಿದ್ಯಾಲಯದವರು 'ಮಾನ್ಯತೆ ಬರುತ್ತೆ, ನೀವು ಸೇರಿಬಿಡಿ' ಎಂದು ಫೀಸು ತೆಗೆದುಕೊಳ್ಳುವುದು ಕಷ್ಟ. ಮುಂದೆ ತಕರಾರು ಬಂದರೆ ವಿದ್ಯಾರ್ಥಿಯ ಹತ್ತಿರವೂ ಒಂದು ದಾಖಲೆ ಇರುತ್ತದೆ.

30ರ ಮುಂದಿನ ಗತಿ

ಮುಂದಿನ ಜಗಳ ಏಳುವುದು ಅಸೈನ್‌ಮೆಂಟಿನ ಸುತ್ತಲೇ ಅನ್ನಿಸುತ್ತದೆ. ಉತ್ತರ ಮಾರುವ ಅಂಗಡಿಗಳ ಜಾಗಕ್ಕೆ ಈಗ ಎಐ ಬಂದಿದೆ. ದುಡ್ಡೂ ಬೇಡ, ಕಾಯುವುದೂ ಬೇಡ. ಕೈಯಲ್ಲೇ ಬರೆದು ಕೊಡಿ ಎಂಬ ನಿಯಮ ಇದನ್ನು ತಡೆಯುವುದಿಲ್ಲ. ನೋಡಿ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟೇ.

ವಿಶ್ವವಿದ್ಯಾಲಯಗಳ ಎದುರು ಎರಡು ದಾರಿಗಳಿವೆ. ಒಂದು, ಬರೆದು ಕೊಟ್ಟವರನ್ನು ಕರೆದು ಹತ್ತು ನಿಮಿಷ ಪ್ರಶ್ನೆ ಕೇಳುವುದು. ವೈವಾ ಮಾಡಿದರೆ ಯಾರು ಓದಿದ್ದಾರೆಂದು ತಿಳಿಯುತ್ತದೆ. ಆದರೆ ಸಾವಿರಾರು ಜನರನ್ನು ಕೇಳಲು ಮೇಷ್ಟ್ರು ಬೇಕು, ಅವರಿಗೆ ಸಂಬಳ ಬೇಕು. ಬೀದರಿನವರು ಕಲಬುರಗಿಗೆ ರಜೆ ಹಾಕಿ ಬರಬೇಕು. ಎರಡನೆಯದು ಸುಲಭ: ಅಸೈನ್‌ಮೆಂಟಿನ ತೂಕವನ್ನೇ ಇಳಿಸುವುದು. ಇದಕ್ಕೆ ಯುಜಿಸಿಯ ನಿಯಮ ಬದಲಾಗಬೇಕಿಲ್ಲ. ನಿಯಮದಲ್ಲಿ 'ಹೆಚ್ಚೆಂದರೆ' 30 ಅಂತಿದೆ. 20 ಮಾಡಿದರೂ ಸರಿ, 10 ಮಾಡಿದರೂ ಸರಿ.

ಹಾಗಾದರೆ ಆ ಬಿ.ಎ. ವಿದ್ಯಾರ್ಥಿಯ 80, ತೂಕ 20 ಆದರೆ 16 ಆಗುತ್ತದೆ, 10 ಆದರೆ 8. ಪರೀಕ್ಷೆಯ ಕೊಠಡಿಯಲ್ಲಿ ಅವನಿಗೆ ಆಗಲೂ 35 ಬೇಕೇ ಬೇಕು.